ಕೋಟೆ ಬಾಗಿಲಲ್ಲಿ ಮಾಮನ ಕೈ

ಭದ್ರಾವತಿಯ ನಮ್ಮ ಕ್ವಾರ್ಟರ್ಸ್ ಲೈನಿನವರದ್ದು ಅಂತ ಒಂದು ದೊಡ್ಡ ಕೊಪ್ಪರಿಗೆ ಇದೆ. ಮದುವೆಗೂ ಅದೇ, ತಿಥಿಗೂ ಅದೇ. ಅದರ ತಳದ ಅಂಚಿನಲ್ಲಿ ಅಂಗೈ ಅಗಲ ನೆಗ್ಗಿದೆ. ಒಲೆಯ ಮೇಲಿಟ್ಟರೆ ಆ ಕಡೆಗೆ ವಾಲುತ್ತದೆ. ಅದಕ್ಕೇ ಅಡುಗೆಯವರು ನೆಗ್ಗಿದ ಕಡೆಗೆ ಒಂದು ಹೆಂಚಿನ ಚೂರು ಕೊಟ್ಟು ಸರಿ ಮಾಡಿಕೊಳ್ಳುತ್ತಾರೆ. ಕಳೆದ ತಿಂಗಳು ಮಾಮನ ಹನ್ನೊಂದನೆಯ ದಿನದ ಊಟಕ್ಕೆ ಅನ್ನ ಬೆಂದದ್ದೂ ಅದರಲ್ಲೇ. ಅಡುಗೆಯವನು ಹೆಂಚಿನ ಚೂರು ತಳ್ಳುತ್ತಾ, "ಮನುಷ್ಯ ಹೋದ್ರೂ ಅವನು ಕೊಟ್ಟ ಏಟು ಹೋಗ್ಲಿಲ್ಲ ನೋಡಿ" ಅಂದ. ಸುತ್ತ ನಿಂತವರು ನಕ್ಕರು. ಪ್ರೀತಿಯ ನಗುವೇ ಅದು. ನಾನೂ ನಕ್ಕೆ.

ಆ ನಗು ನನಗೆ ಇನ್ನೂ ಅರಗಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಮಾಮ ಅಂದರೆ ರಕ್ತಸಂಬಂಧ ಏನಲ್ಲ. ನಮ್ಮ ಮನೆಯಿಂದ ಮೂರನೆಯ ಮನೆ. ಲೈನಿನ ಮಕ್ಕಳಿಗೆಲ್ಲ ಅವರು ಮಾಮ, ಅವರ ಹೆಂಡತಿ ಅತ್ತೆ. ನಮ್ಮಪ್ಪ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿಯುವ ಕೂಲಿ, ಮಾಮ ಅದೇ ಕಾರ್ಖಾನೆಯ ಕ್ರೇನ್ ಶೆಡ್ಡಿನಲ್ಲಿ ಸಿಗ್ನಲ್‌ಮ್ಯಾನ್. ಕ್ರೇನಿನ ಡ್ರೈವರ್ ಎಲ್ಲೋ ಮೇಲೆ ಗೂಡಿನಲ್ಲಿ ಕೂತಿರುತ್ತಾನೆ. ಕೆಳಗೆ ಏನಿದೆ, ಯಾರಿದ್ದಾರೆ ಅವನಿಗೆ ಸರಿಯಾಗಿ ಕಾಣುವುದಿಲ್ಲ. ಶೆಡ್ಡಿನ ಸದ್ದಿನಲ್ಲಿ ಮಾತು ಕೇಳುವುದೂ ಇಲ್ಲ. ಕೆಳಗೆ ನಿಂತವನ ಕೈ ನೋಡಿ ಟನ್ನುಗಟ್ಟಲೆ ಕಬ್ಬಿಣವನ್ನು ಎತ್ತಬೇಕು, ಇಳಿಸಬೇಕು. ಹೆಬ್ಬೆರಳು ಮೇಲೆ ಮಾಡಿದರೆ ಎತ್ತು. ಅಂಗೈ ಬೋರಲು ಮಾಡಿ ತಗ್ಗಿಸಿದರೆ ಇಳಿಸು. ಮುಷ್ಟಿ ಕಟ್ಟಿ ತಲೆಯ ಮೇಲೆ ಹಿಡಿದರೆ ನಿಲ್ಲಿಸು. ಯಾಕೆ ಏನು ಅಂತ ಕೇಳಬೇಡ, ನಿಲ್ಲಿಸು.

ಇಪ್ಪತ್ತೆಂಟು ವರ್ಷ ಅವರ ಕೈ ನಂಬಿ ಕ್ರೇನು ಓಡಿತ್ತು. ಒಬ್ಬನ ಕಾಲ್ಬೆರಳಿಗೂ ಗಾಯವಾಗಿರಲಿಲ್ಲ. "ಬಾಯಿ ಸುಳ್ಳು ಹೇಳುತ್ತೆ. ಕೈ ಹೇಳಲ್ಲ" ಅನ್ನುವುದು ಅವರ ಮಾತು. ಅದನ್ನು ಹೇಳುವಾಗ ಎರಡೂ ಅಂಗೈಯನ್ನು ನಮ್ಮ ಮುಖದ ಮುಂದೆ ಹಿಡಿದು ತೋರಿಸುತ್ತಿದ್ದರು. ಹೆಬ್ಬೆರಳ ಬುಡದಲ್ಲಿ ಹಳೆಯ ಸುಟ್ಟ ಕಲೆಗಳು.

ಶೆಡ್ಡಿನ ಗದ್ದಲಕ್ಕೆ ಕಿವಿ ಮಂದವಾಗಿದ್ದರಿಂದಲೋ ಏನೋ, ಮನೆಯಲ್ಲೂ ಅವರದ್ದು ಕೈಮಾತೇ. ಊಟಕ್ಕೆ ಕೂತರೆ ಸಾರು ಬೇಕಾದಾಗ ಹೆಬ್ಬೆರಳು, ಸಾಕಾದಾಗ ಮುಷ್ಟಿ. ಅತ್ತೆ ಸೌಟು ಹಿಡಿದು, "ಇವರನ್ನ ಕಟ್ಕೊಂಡು ನಾನೂ ಒಂದು ಕ್ರೇನ್ ಆಗ್ಬಿಟ್ಟೆ ಕಣೇ" ಅಂತ ನನ್ನ ಅಮ್ಮನ ಹತ್ತಿರ ದೂರುತ್ತಿದ್ದರು. ನಾವು ಬೀದಿಯಲ್ಲಿ ಆಡುತ್ತಿದ್ದಾಗ ಲಾರಿ ಬಂದರೆ ಮಾಮ ಜಗಲಿಯಲ್ಲಿ ಕೂತಲ್ಲಿಂದಲೇ ಮುಷ್ಟಿ ಎತ್ತುತ್ತಿದ್ದರು. ಓಡುತ್ತಿದ್ದ ಮಕ್ಕಳೆಲ್ಲ ಕಂಬದ ಹಾಗೆ ನಿಂತುಬಿಡುತ್ತಿದ್ದೆವು. ಆ ಮುಷ್ಟಿಯ ಅರ್ಥ ನಮಗೆ ಅಕ್ಷರ ಕಲಿಯುವ ಮೊದಲೇ ಗೊತ್ತಿತ್ತು. ಇದನ್ನು ಬೇಕೆಂದೇ ಬರೆಯುತ್ತಿದ್ದೇನೆ. ನನಗೆ ಗೊತ್ತಿರಲಿಲ್ಲ ಅನ್ನುವ ದಾರಿ ನನಗಿಲ್ಲ.

ನಮ್ಮ ಲೈನಿನಲ್ಲಿ ಡಿಗ್ರಿ ಮಾಡಿದ ಮೊದಲಿಗಳು ನಾನು. ದಿನಾ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಬಿ.ಎ. ಮಾಡಿದೆ, ಆಮೇಲೆ ಬಿ.ಎಡ್. ಮಾಡಿದೆ. ಹೆಣ್ಣುಮಗಳಿಗೆ ಇಷ್ಟು ಓದು ಯಾಕೆ ಅಂದವರ ಬಾಯಿ ಮುಚ್ಚಿಸಿದವರು ಮಾಮ. ನನ್ನ ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟುಬಿಟ್ಟಿದ್ದರು. "ಏನೇ ಬಿ.ಎ., ಬಸ್ ಸಿಕ್ತಾ?" "ನಮ್ಮ ಬಿ.ಎ. ಬಂದ್ಳು, ದಾರಿ ಬಿಡ್ರೋ." ಓಲ್ಡ್ ಟೌನಿನ ಸಂತೆಗೆ ಹೋದರೆ ತರಕಾರಿಯವಳ ಹತ್ತಿರವೂ ಹೇಳುತ್ತಿದ್ದರು, "ಇವಳು ಯಾರು ಗೊತ್ತಾ ನಿಂಗೆ?"

ಪ್ರತಿವರ್ಷ ಆಯುಧಪೂಜೆ ಮುಗಿದ ಮೇಲೆ ಲೈನಿನವರೆಲ್ಲ ಸೇರಿ ಒಂದು ಬಸ್ಸು ಮಾಡಿಕೊಂಡು ಎಲ್ಲಿಗಾದರೂ ಹೋಗುವ ಪದ್ಧತಿ. ಬಸ್ಸು ಗೊತ್ತು ಮಾಡುವುದು ಮಾಮನ ಕೆಲಸ. ಅವರು ಬಸ್ಸು ನೋಡುತ್ತಿದ್ದ ರೀತಿ ಹೆಣ್ಣು ನೋಡಲು ಬಂದವರಿಗಿಂತ ಜೋರು. ಮೂರು ಸುತ್ತು ಬರುತ್ತಿದ್ದರು. ಟೈರಿನ ಹಲ್ಲುಗಳ ನಡುವೆ ಉಗುರು ಇಳಿಸಿ ನೋಡುತ್ತಿದ್ದರು. ಕಡೆಯ ಸೀಟಿನಲ್ಲಿ ಕೂತು ಇಂಜಿನ್ ಶುರು ಮಾಡಿಸಿ, ಮೂಗಿಗೆ ಡೀಸೆಲ್ ವಾಸನೆ ಬರುತ್ತದೋ ನೋಡುತ್ತಿದ್ದರು. ಬಂದರೆ ಆ ಬಸ್ಸು ಬೇಡ, ಹೆಂಗಸರಿಗೆ ವಾಂತಿ ಆಗುತ್ತದೆ. ಎಲ್ಲ ಆದ ಮೇಲೆ ಡ್ರೈವರನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ದೋಸೆ ಕೊಡಿಸುತ್ತಿದ್ದರು. ಅದು ಉಪಚಾರ ಅಲ್ಲ, ಪರೀಕ್ಷೆ. "ಗಬಗಬ ತಿನ್ನೋನು ಗಾಡೀನೂ ಹಂಗೇ ಓಡಿಸ್ತಾನೆ."

ನನ್ನ ಬಿ.ಎಡ್. ಮುಗಿದು, ಸರ್ಕಾರಿ ಹೈಸ್ಕೂಲಿಗೆ ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರು ಬಂದಿದ್ದ ವರ್ಷ ಅದು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಪೊಲೀಸ್ ವೆರಿಫಿಕೇಷನ್ ಒಂದು ಆಗಿಬಿಟ್ಟರೆ ಆರ್ಡರ್ ಬರುತ್ತದೆ ಅನ್ನುವ ಹಂತ. ಆ ಸಲ ಉತ್ತರದ ಕಡೆಯ ಒಂದು ಹಳೆಯ ಕೋಟೆಯ ಊರಿಗೆ ಹೋಗುವುದೆಂದು ಆಗಿತ್ತು. ಊರಿನ ಹೆಸರು ಬೇಡ. ಹೊರಡುವವರ ಪಟ್ಟಿ ಐವತ್ತೆರಡಕ್ಕೆ ಏರಿತು. ಬಸ್ಸು ನೋಡಲು ಮಾಮ ನನ್ನನ್ನೂ ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. "ಕಾಗದ ಓದೋಕೆ ಒಬ್ರು ಬೇಕು" ಅಂದರು. ಅಷ್ಟು ವರ್ಷ ನಾವು ಮಾಡುತ್ತಿದ್ದ ಮೂವತ್ತೈದು ಸೀಟಿನ ಬಸ್ಸಿಗೆ ಯಾರ ಓದೂ ಬೇಕಾಗಿರಲಿಲ್ಲ ಅನ್ನುವುದು ನನಗೆ ಆಗ ಹೊಳೆಯಲಿಲ್ಲ.

ಮಾಲೀಕನ ಶೆಡ್ಡಿನಲ್ಲಿ ಹೊಸದಾಗಿ ಬಂದ ಒಂದು ಲಕ್ಷುರಿ ಬಸ್ಸು ನಿಂತಿತ್ತು. ಹಿಂದಕ್ಕೆ ಬಾಗುವ ಸೀಟು, ವಿಡಿಯೋ, ಡ್ರೈವರ್ ಕೂರುವ ಕ್ಯಾಬಿನ್ನಿಗೂ ಸೀಟುಗಳಿಗೂ ನಡುವೆ ಬಣ್ಣದ ಗಾಜಿನ ಗೋಡೆ. ನನಗೆ ಅದರ ಮೇಲೆ ಆಸೆ ಬಿತ್ತು. ನಮ್ಮ ಲೈನಿನ ಹೆಂಗಸರು ಒಂದು ಸಲವಾದರೂ ಇಂಥದ್ದರಲ್ಲಿ ಕೂರಲಿ ಅಂತ ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಅಂಥ ಬಸ್ಸಿನಿಂದ ಇಳಿಯುವವಳು ನಾನಾಗಬೇಕಿತ್ತು.

ಮಾಮ ಎಂದಿನಂತೆ ಮೂರು ಸುತ್ತು ಬಂದರು. ಹಿಂದೆ ಸರಿದು ನಿಂತು ಬಸ್ಸಿನ ನೆತ್ತಿ ನೋಡಿದರು.

"ಎರಡು ಸಣ್ಣ ಬಸ್ ಮಾಡೋಣ ಕಣೇ. ಹಳೇ ಊರು. ರಸ್ತೆ ಎಲ್ಲಾ ಕುದುರೆಗೆ, ಆನೆಗೆ ಅಂತ ಮಾಡಿರ್ತಾರೆ. ಇದಕ್ಕಲ್ಲ."

"ಆನೆ ಹೋದಲ್ಲಿ ಬಸ್ ಹೋಗಲ್ವಾ ಮಾಮ?"

"ಆನೆ ಕೂತ್ಕೊಳ್ಳುತ್ತೆ ಮಾರಾಯ್ತಿ, ಬಗ್ಗುತ್ತೆ. ಇದು ಬಗ್ಗುತ್ತಾ?"

ಮಾಲೀಕ ನಕ್ಕ. ನಾನು ಗಾಡಿಯ ವಿವರದ ಕಾಗದ ಕೇಳಿ ತೆಗೆದುಕೊಂಡೆ. ಇಂಗ್ಲಿಷಿನಲ್ಲಿತ್ತು. ಉದ್ದ, ಅಗಲ, ಎತ್ತರ ಎಲ್ಲ ಗಟ್ಟಿಯಾಗಿ ಓದಿದೆ. ಎತ್ತರ ಹನ್ನೊಂದು ಅಡಿ. "ನೋಡಿ, ಇದರಲ್ಲೇ ಇದೆ. ಅಂಥ ಎತ್ತರ ಏನಲ್ಲ" ಅಂದೆ. ಮಾಮ ಕಾಗದವನ್ನೂ ನನ್ನನ್ನೂ ನೋಡಿದರು. ಅವರ ಮುಖದಲ್ಲಿ ಹೆಮ್ಮೆ ಇತ್ತು. ಈಗ ನೆನೆದರೆ ಅದೇ ಚುಚ್ಚುವುದು. ತಮ್ಮ ಕಣ್ಣಿಗೆ ಒಪ್ಪದ್ದನ್ನು ನನ್ನ ಓದಿಗಾಗಿ ಒಪ್ಪಿಕೊಂಡರು.

ಡ್ರೈವರನಿಗೆ ದೋಸೆ ಪರೀಕ್ಷೆಯೂ ಆಯಿತು. ಅವನು ನಿಧಾನವಾಗಿ ಚಟ್ನಿ ಅದ್ದಿ ಅದ್ದಿ ತಿಂದು ಪಾಸಾದ. ಕರಾರು ಪತ್ರಕ್ಕೆ ಸಹಿ ಹಾಕುವಾಗ ಮಾಮ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟರು. "ಈ ಸಲ ಸೈನು ಬಿ.ಎ.ದು." ಮಾಲೀಕನಿಗೆ, "ಇಂಗ್ಲಿಷ್ನಲ್ಲಿ ಹಾಕ್ತಾಳೆ, ನೋಡಿ" ಅಂತಲೂ ಹೇಳಿದರು. ಹಾಕಿದೆ. ಬಸ್ಸು ಪಡೆದವರು ಅನ್ನುವ ಗೆರೆಯ ಮೇಲೆ ನನ್ನ ಹೆಸರು.

ನಾವು ಹೋಟೆಲಿನಲ್ಲಿ ಉಣ್ಣುವವರಲ್ಲ. ಪಾತ್ರೆ, ಅಕ್ಕಿ, ಬೇಳೆ, ಒಲೆ ಎಲ್ಲ ಬಸ್ಸಿನ ಜೊತೆಗೇ ಬರಬೇಕು. ಹಳೆಯ ಬಸ್ಸಿನಲ್ಲಿ ಕೊಪ್ಪರಿಗೆ ಕಡೆಯ ಸೀಟಿನ ಹಿಂದೆ ಕೂರುತ್ತಿತ್ತು. ಹೊಸ ಬಸ್ಸಿನಲ್ಲಿ ಆ ಜಾಗವಿಲ್ಲ, ಡಿಕ್ಕಿಯ ಬಾಯಿಗೆ ಅದು ಹಿಡಿಸಲಿಲ್ಲ. ಕೊನೆಗೆ ಮೇಲಿನ ಕ್ಯಾರಿಯರಿಗೆ ಏರಿಸಿ, ಬೋರಲು ಹಾಕಿ, ಹಗ್ಗ ಬಿಗಿದರು. ಮಾಮ ಕೆಳಗೆ ನಿಂತು ಹೆಬ್ಬೆರಳು, ಅಂಗೈ, ಮುಷ್ಟಿ ಎಲ್ಲ ಆಡಿಸಿ ಅದನ್ನು ಕೂರಿಸಿದರು. ಆಮೇಲೆ ನನಗೆ ಹೇಳಿದರು: "ನಿನ್ನ ಬಸ್ಸಿಗೆ ಟೋಪಿ ಬಂತು ನೋಡು." ನಾನು ನಕ್ಕು ಹತ್ತಿ ಕೂತೆ.

ಮಾರನೆಯ ದಿನ ಮಧ್ಯಾಹ್ನ ಆ ಊರು ಮುಟ್ಟಿದೆವು. ನಾವು ಇಳಿಯಬೇಕಾದ ಛತ್ರ ಕೋಟೆಯ ಒಳಗಿತ್ತು. ಕೋಟೆ ಬಾಗಿಲ ಪಕ್ಕ ಬೋರ್ಡಿತ್ತು: ಎತ್ತರ ಹನ್ನೆರಡು ಅಡಿ. ಆಚೆಯಿಂದ ಸುತ್ತು ದಾರಿ ಇದೆ, ಮುಕ್ಕಾಲು ಗಂಟೆ ಆಗುತ್ತದೆ ಅಂದರು ಅಂಗಡಿಯವರು. ಬಸ್ಸಿನಲ್ಲಿದ್ದ ಅಜ್ಜಿಯರು ಆಗಲೇ ಎರಡು ಸಲ ಗಾಜು ಬಡಿದಿದ್ದರು, ಅವರಿಗೆ ಬೇಗ ಇಳಿಯಬೇಕಿತ್ತು. ನಾನು ಕ್ಯಾಬಿನ್ನಿನಲ್ಲಿ ಡ್ರೈವರ್ ಪಕ್ಕ ಕೂತಿದ್ದೆ. ಮಾಮ ಇಳಿದು ಬಾಗಿಲೊಳಗೆ ನಡೆದುಹೋದರು, ಕಮಾನು ನೋಡಿದರು, ಬಸ್ಸಿನ ಮುಂದೆ ಬಂದು ನಿಂತರು.

ಬಲಗೈ ಮೇಲೆತ್ತಿ ಮುಷ್ಟಿ ಕಟ್ಟಿದರು.

ಡ್ರೈವರ್ ನನ್ನ ಕಡೆ ತಿರುಗಿದ. "ಏನ್ ಮಾಡ್ಲಿ ಮೇಡಂ? ಅಲ್ಲಿ ಹನ್ನೆರಡು ಅಂತ ಬರೆದಿದೆ. ನಮ್ದು ಹನ್ನೊಂದು. ಸೈನ್ ಮಾಡಿದೋರು ನೀವು, ಹೇಳಿ."

ಅವನೂ ಕೊಪ್ಪರಿಗೆ ಮರೆತಿದ್ದ. ನಾನು ಮರೆತದ್ದಂತೂ ಸರಿಯೇ. ಕಾಗದದಲ್ಲಿ ಕೊಪ್ಪರಿಗೆ ಇರಲಿಲ್ಲವಲ್ಲ. ಹನ್ನೆರಡರಲ್ಲಿ ಹನ್ನೊಂದು ಕಳೆದರೆ ಒಂದಡಿ ಮಿಗುತ್ತದೆ. ಮಾಮನ ಮುಷ್ಟಿ ಹಾಗೇ ಇತ್ತು. ಈ ಮನುಷ್ಯನಿಗೆ ಶಿವಮೊಗ್ಗದಲ್ಲೇ ಈ ಬಸ್ಸು ಬೇಡವಾಗಿತ್ತು, ಈಗ ಹಟ ಸಾಧಿಸುತ್ತಿದ್ದಾರೆ ಅನ್ನಿಸಿತು. ಹೌದು, ಹಾಗೇ ಅನ್ನಿಸಿತು.

"ಹೋಗ್ರಿ. ಆಗುತ್ತೆ" ಅಂದೆ.

ಬಸ್ಸು ಮುಂದೆ ಸರಿಯಿತು. ಮಾಮ ಕೈ ಇಳಿಸಲಿಲ್ಲ. ಬಂಪರು ಎದೆಗೆ ಬರುವವರೆಗೂ ಮುಷ್ಟಿ ಎತ್ತಿಕೊಂಡೇ ಹಿಂದೆ ಹಿಂದೆ ನಡೆದರು, ಕೊನೆಗೆ ಪಕ್ಕಕ್ಕೆ ಹಾರಿದರು. ನೆತ್ತಿಯ ಮೇಲೆ ದೊಡ್ಡ ಗಂಟೆ ಒಡೆದ ಹಾಗೆ ಸದ್ದಾಯಿತು. ಬಸ್ಸು ನಿಂತಿತು. ಕಮಾನಿನ ಅಂಚಿನಿಂದ ಕಲ್ಲಿನ ಒಂದು ಕಮಲದ ಎಸಳು ಮುರಿದು ಬಂದು ರಸ್ತೆಯ ಮೇಲೆ ಬಿತ್ತು. ಎಷ್ಟು ನೂರು ವರ್ಷ ಅಲ್ಲಿ ಅರಳಿಕೊಂಡಿತ್ತೋ ಅದು.

ಯಾರಿಗೂ ಏಟಾಗಲಿಲ್ಲ. ಗಾಜಿನ ಗೋಡೆಯ ಹಿಂದೆ ವಿಡಿಯೋ ನೋಡುತ್ತಿದ್ದವರಿಗೆ ಸದ್ದು ಕೇಳಿತೇ ಹೊರತು ಮುಂದೆ ನಡೆದದ್ದೇನೂ ಕಂಡಿರಲಿಲ್ಲ. ಹಳೆಯ ಬಸ್ಸಾಗಿದ್ದರೆ ಐವತ್ತು ಜನಕ್ಕೂ ಆ ಮುಷ್ಟಿ ಕಾಣುತ್ತಿತ್ತು.

ಕೋಟೆಯ ಕಾವಲುಗಾರ ಕೂಗುತ್ತಾ ಓಡಿಬಂದ. ಹಿಂದೆಯೇ ಚೌಕಿಯಿಂದ ಒಬ್ಬರು ಪೊಲೀಸಿನವರು ಬಂದರು. "ಯಾರ್ರೀ ಬಸ್ ಮಾಡಿದೋರು? ಒಳಗೆ ಬಿಡು ಅಂದೋರು ಯಾರು?"

ನಾನು ಕ್ಯಾಬಿನ್ನಿನ ಬಾಗಿಲಿಗೆ ಕೈ ಹಾಕಿದ್ದೆ. ಇಳಿಯುತ್ತಿದ್ದೆನೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ಮಾಮ ನನ್ನ ಕಡೆ ನೋಡಿದರು. ಸೊಂಟದ ಮಟ್ಟಕ್ಕೆ ಕೈ ತಂದು, ಅಂಗೈ ಬೋರಲು ಮಾಡಿ, ಮೆಲ್ಲಗೆ ತಗ್ಗಿಸಿದರು. ಇಳಿಸು. ಕೂತ್ಕೋ.

ನಾನು ಕೂತೆ.

"ನಾನೇ ಸ್ವಾಮಿ ಸಿಗ್ನಲ್ ಕೊಟ್ಟಿದ್ದು" ಅಂದರು ಮಾಮ. "ಬಾ ಬಾ ಅಂತ ಕೈ ಮಾಡಿದೆ. ಅಂದಾಜು ತಪ್ತು."

"ಕರಾರು ಪತ್ರದಲ್ಲಿ ಯಾರ ಹೆಸರಿದೆ?"

"ನಮ್ಮ ಹುಡುಗಿದು. ಅಕ್ಷರ ಚೆನ್ನಾಗಿದೆ ಅಂತ ಸೈನ್ ಹಾಕಿಸಿದೆ, ಅಷ್ಟೇ. ಅವಳಿಗೇನೂ ಗೊತ್ತಿಲ್ಲ. ಗಾಡಿ ನಡೆದಿದ್ದು ನನ್ನ ಕೈ ಮೇಲೆ."

ಪೊಲೀಸರು ಡ್ರೈವರನ ಮುಖ ನೋಡಿದರು. ಅವನು ನನ್ನನ್ನು ಒಂದು ಕ್ಷಣ ನೋಡಿ, ತಲೆ ತಗ್ಗಿಸಿ, "ಹೌದು ಸಾರ್, ಇವರು ಬಾ ಅಂದ್ರು" ಅಂದ. ಚೌಕಿಯಲ್ಲಿ ಹೇಳಿಕೆ ಬರೆದುಕೊಂಡರು. ಮಾಮ ಸಹಿ ಹಾಕಿದರು. ಲೈನಿನವರೆಲ್ಲ ಹೊರಗೆ ನಿಂತಿದ್ದರು. ನಮ್ಮಪ್ಪ, "ಅಲ್ಲಯ್ಯಾ, ಇಪ್ಪತ್ತೆಂಟು ವರ್ಷ ಏನ್ ಮಾಡ್ದೆ ನೀನು? ಟೋಪಿ ಕಟ್ಸಿದೋನೂ ನೀನೇ, ಮರೆತೋನೂ ನೀನೇ!" ಅಂತ ಬೈದ. ಮಾಮ ಕೈಯನ್ನೂ ಆಡಿಸಲಿಲ್ಲ. ವಾಪಸು ಬರುವಾಗ ಕಡೆಯ ಸೀಟಿನಲ್ಲಿ ಕೂತು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದರು.

ಆ ಊರಿನ ಕೋರ್ಟಿಗೆ ಅವರು ಮೂರು ಸಲ ಹೋಗಿಬಂದರು. ಕೊನೆಗೆ ದಂಡ ಕಟ್ಟಿಸಿಕೊಂಡು ಬಿಟ್ಟರು. ಅದು ಅಲ್ಲಿಗೆ ಮುಗಿಯಿತು. ಶೆಡ್ಡಿನಲ್ಲಿ ಮುಗಿಯಲಿಲ್ಲ. ಸುದ್ದಿ ಅವರಿಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಗೂಡು ಹತ್ತುವ ಮೊದಲು ಕ್ರೇನಿನ ಡ್ರೈವರುಗಳು ಇವರನ್ನು ಕಂಡರೆ, "ಮಾಮೋ, ಬಾಗ್ಲು ಗೀಗ್ಲು ಇದ್ಯಾ ನೋಡು" ಅಂತ ಕೂಗುತ್ತಿದ್ದರಂತೆ. ಹಳಬರು ತಮಾಷೆಗೆ ಅಂದದ್ದು. ಆದರೆ ಹೊಸದಾಗಿ ಬಂದ ಒಬ್ಬ ಡ್ರೈವರ್ ತಮಾಷೆ ಮಾಡಲಿಲ್ಲ. ಇವರ ಜೊತೆಗೆ ಇನ್ನೊಬ್ಬರು ಸಿಗ್ನಲ್ ಕೊಟ್ಟರೆ ಮಾತ್ರ ಎತ್ತುತ್ತೇನೆ ಅಂದ. ಎರಡು ಕೈ ಒಂದು ಕ್ರೇನಿಗೆ ಇರಬಾರದು, ಅದು ಆ ಕೆಲಸದ ಮೊದಲ ಪಾಠ. ಮಾಮ ಆ ವಾರವೇ ಬರೆದುಕೊಟ್ಟು ಟೂಲ್ ರೂಮಿಗೆ ಹೋದರು. ಸ್ಪ್ಯಾನರ್ ಕೊಡುವುದು, ವಾಪಸು ಇಸಿದುಕೊಳ್ಳುವುದು. ಅಲ್ಲೇ ರಿಟೈರ್ ಆದರು. ಬಸ್ಸು ನೋಡಲು ಆಮೇಲೆ ಯಾರೂ ಅವರನ್ನು ಕರೆಯಲಿಲ್ಲ.

ಲೈನಿನ ಮಕ್ಕಳು ಬೀದಿಯಲ್ಲಿ ಹೊಸ ಆಟ ಕಲಿತಿದ್ದರು. ಒಬ್ಬ ಕೈ ಮಾಡುವುದು, ಇನ್ನೊಬ್ಬ ಬಸ್ಸಾಗಿ ಬಂದು ಗೋಡೆಗೆ ಗುದ್ದುವುದು. ಮಾಮ ಜಗಲಿಯಲ್ಲಿ ಕೂತು ನೋಡುತ್ತಿದ್ದರು.

ಕೇಸಿನಲ್ಲಿ ನನ್ನ ಹೆಸರಿರಲಿಲ್ಲ, ವೆರಿಫಿಕೇಷನ್ ಸಲೀಸಾಗಿ ಆಯಿತು. ಆರ್ಡರ್ ಬಂದ ದಿನ ಸಿಹಿ ಹಿಡಿದು ಅವರ ಮನೆಗೆ ಹೋದೆ. ಅತ್ತೆ ನೀರಿಗೆ ಹೋಗಿದ್ದರು. ಮಾಮ ಆರ್ಡರಿನ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ನನ್ನ ಕಡೆಗೆ ಹೆಬ್ಬೆರಳು ಎತ್ತಿ ತೋರಿಸಿದರು. ಬಸ್ಸಿನಿಂದ ಇಳಿದಂದಿನಿಂದ ಶೆಡ್ಡಿನ ಹೊರಗೆ ಅವರ ಕೈ ಮಾತಾಡಿದ್ದು ಅದೇ ಮೊದಲು.

"ಮಾಮ, ಅವತ್ತು ಕೋಟೆ ಹತ್ರ ನೀವು..." ಅಂತ ಶುರು ಮಾಡಿದೆ.

ಅವರು ಮುಷ್ಟಿ ಎತ್ತಿದರು. ಈ ಸಲ ನಾನು ನಿಂತೆ. ಎಷ್ಟು ವಿಧೇಯಳಾಗಿ ನಿಂತೆ! ನಿಲ್ಲಿಸು ಅಂದಾಗ ನಿಲ್ಲಲಿಲ್ಲ. ನಿಲ್ಲಬಾರದಿದ್ದಾಗ ತಕ್ಷಣ ನಿಂತೆ, ನಿಂತು ಸಮಾಧಾನಪಟ್ಟೆ. ಅವರೇ ಬೇಡ ಅಂದರಲ್ಲ ಅಂತ ಇಷ್ಟು ವರ್ಷ ಹೇಳಿಕೊಂಡು ಬಂದೆ.

ಆಯನೂರಿನ ಕಡೆ ಕೆಲಸ ಮಾಡಿದೆ, ಶಿವಮೊಗ್ಗದ ನವುಲೆಯಲ್ಲಿ ಮನೆ ಮಾಡಿದೆ. ಈಗ ಹೆಡ್‌ಮಿಸ್ಟ್ರೆಸ್. ಶಾಲೆಯ ಪ್ರವಾಸಕ್ಕೆ ಪ್ರತಿವರ್ಷ ಬಸ್ಸು ಗೊತ್ತು ಮಾಡುವವಳು ನಾನೇ. ಮೂರು ಸುತ್ತು ಬರುತ್ತೇನೆ, ಕಡೆಯ ಸೀಟಿನಲ್ಲಿ ಕೂತು ಮೂಸಿ ನೋಡುತ್ತೇನೆ. "ಮೇಡಂಗೆ ಬಸ್ಸಿನ ಬಗ್ಗೆ ಎಷ್ಟು ಗೊತ್ತು!" ಅನ್ನುತ್ತಾರೆ ಜೊತೆಯ ಮೇಷ್ಟ್ರುಗಳು. ಯಾರಿಂದ ಕಲಿತೆ ಅಂತ ಇವತ್ತಿನವರೆಗೆ ಒಬ್ಬರಿಗೂ ಹೇಳಿಲ್ಲ.

ಹನ್ನೊಂದನೆಯ ದಿನ ಅಡುಗೆಯವನ ಮಾತಿಗೆ ನಕ್ಕು ಒಳಗೆ ಹೋದಾಗ ಅತ್ತೆ ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ಪಕ್ಕಕ್ಕೆ ಕರೆದರು.

"ನೀನು ಅವತ್ತು ಮುಂದೆ ಕೂತಿದ್ದೆ ಅಲ್ವೇನೇ? ನಿಂಗೆ ಕಂಡಿರುತ್ತೆ. ನಿಜ ಹೇಳು. ಇವರು ಬಾ ಅಂದ್ರಾ, ನಿಲ್ಸು ಅಂದ್ರಾ?"

"ನಿಲ್ಸು ಅಂದ್ರು ಅತ್ತೆ. ಮುಷ್ಟಿ ಹಿಡಿದಿದ್ರು. ಹೋಗಿ ಅಂದೋಳು ನಾನು."

ಅತ್ತೆ ಅಳಲಿಲ್ಲ, ಬೈಯಲೂ ಇಲ್ಲ. "ನಂಗೊತ್ತಿತ್ತು" ಅಂದರು. "ಯಾರು ಅಂತ ಗೊತ್ತಿರ್ಲಿಲ್ಲ, ಇವರಲ್ಲ ಅಂತ ಗೊತ್ತಿತ್ತು. ನಂಗೆ ಹೇಳಿದ್ರೆ ಏನ್ ಬಂತು ಮಾರಾಯ್ತಿ. ಹೊರಗೆ ನಗ್ತಾ ಕೂತಿದಾರಲ್ಲ, ಅವರಿಗೆ ಹೇಳು."

ಹೊರಗೆ ಬಂದೆ. ಲೈನಿನವರು, ಶೆಡ್ಡಿನ ಹಳಬರು, ಎಲ್ಲ ಎಲೆಯ ಮುಂದೆ ಕೂತಿದ್ದರು. ನನ್ನನ್ನು ಕಂಡದ್ದೇ ಯಾರೋ, "ಮೇಡಂ ಬಂದ್ರು, ಮಾಮನ ಬಗ್ಗೆ ಎರಡು ಮಾತು ಹೇಳ್ಲಿ" ಅಂದರು. ಓದಿದವಳು ನಾನೊಬ್ಬಳೇ ಅಲ್ಲವೇ. ಹೇಳಿದೆ. ಅವರ ಶಿಸ್ತು, ಅವರ ಪ್ರೀತಿ, ನನ್ನಂಥವಳ ಓದಿಗೆ ಅವರು ಕೊಟ್ಟ ಬೆಂಬಲ ಅಂತ ಒಳ್ಳೊಳ್ಳೆಯ ಮಾತು ಹೇಳಿದೆ. ಒಂದಿಬ್ಬರು ಕಣ್ಣೊರೆಸಿಕೊಂಡರು. ಕೋಟೆಯ ಬಾಗಿಲು ನಾಲಿಗೆಯ ತುದಿಗೆ ಬಂದು ಹಿಂದೆ ಹೋಯಿತು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅತ್ತೆ ಮಾತು ಮುಗಿಯುವ ಮೊದಲೇ ಒಳಗೆ ಹೋದರು.

ಬಾಯಿ ಸುಳ್ಳು ಹೇಳುತ್ತದೆ ಅಂತ ಮಾಮ ಸುಮ್ಮನೆ ಹೇಳಿರಲಿಲ್ಲ. ಚೌಕಿಯಲ್ಲಿ ಅವರ ಬಾಯಿ ನನಗಾಗಿ ಹೇಳಿತು, ಊಟದ ಪಂಕ್ತಿಯಲ್ಲಿ ನನ್ನ ಬಾಯಿ ನನಗಾಗಿಯೇ ಹೇಳಿತು. ಹಾಗಾಗಿ ಇದನ್ನು ಕೈಯಿಂದ ಬರೆಯುತ್ತಿದ್ದೇನೆ. ಬರುವ ಭಾನುವಾರ ಭದ್ರಾವತಿಗೆ ಹೋಗುತ್ತೇನೆ. ಅತ್ತೆಗೆ ಓದಲು ಬರುವುದಿಲ್ಲ. ಅವರ ಜಗಲಿಯಲ್ಲೇ ನಿಂತು, ಲೈನಿನವರನ್ನೆಲ್ಲ ಕರೆದು, ಒಂದಕ್ಷರ ಬಿಡದೆ ಓದಬೇಕು. ಓದುವಾಗ ಗಂಟಲು ಕೈಕೊಟ್ಟರೆ ಕಾಗದವನ್ನು ಅಲ್ಲಿ ಓದಲು ಬರುವ ಯಾರ ಕೈಗಾದರೂ ಕೊಡುತ್ತೇನೆ. ಈಗ ಆ ಲೈನಿನಲ್ಲಿ ಮನೆಗೊಬ್ಬರು ಡಿಗ್ರಿಯವರಿದ್ದಾರೆ.

ಅವರು ಈ ಕೊನೆಯ ಸಾಲನ್ನಾದರೂ ಗಟ್ಟಿಯಾಗಿ ಓದಲಿ. ಮಾಮನ ಕೈ ತಲೆಗಿಂತ ಒಂದು ಮೊಳ ಮೇಲಿತ್ತು, ಬೆರಳು ಐದೂ ಮಡಿಸಿತ್ತು, ನಾನು ನೋಡಿದ್ದೆ.